ನಾಲ್ಕು ವರ್ಷ ನಿಂತ ಬೈಕು: ಕೊಳ್ಳಬಹುದೇ? ಕೊಂಡರೆ ಎಲ್ಲಿಂದ ಶುರು?

ಪ್ರಶ್ನೆ: ಪರಿಚಯದವರ ಶೆಡ್ಡಿನಲ್ಲಿ 150 ಸಿಸಿ ಬೈಕೊಂದು ನಾಲ್ಕು ವರ್ಷದಿಂದ ನಿಂತಿದೆ. ಕಾರ್ಬೊರೇಟರ್ ಇರುವ, ಗಾಳಿಯಿಂದ ತಣಿಯುವ ಸಿಂಗಲ್ ಸಿಲಿಂಡರ್ ಗಾಡಿ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಮೀಟರ್ 38 ಸಾವಿರ ಕಿ.ಮೀ. ತೋರಿಸುತ್ತಿದೆ. ಕಿಕ್ಕರ್ ಇಳಿಯುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ. "ಬ್ಯಾಟರಿ ಒಂದು ಹಾಕಿದರೆ ಸಾಕು" ಎನ್ನುತ್ತಾರೆ ಮಾಲೀಕರು. ಕಡಿಮೆಗೆ ಸಿಗುತ್ತಿದೆ. ಕೊಳ್ಳಬಹುದೇ? ಏನೇನು ನೋಡಬೇಕು? ಕೊಂಡ ಮೇಲೆ ಎಲ್ಲಿಂದ ಶುರು ಮಾಡಲಿ? ಆಯಿಲ್ ಬದಲಿಸುವುದು, ಚೈನು ಬಿಗಿ ಮಾಡುವುದು ನನಗೆ ಬರುತ್ತದೆ. ಅದಕ್ಕಿಂತ ಹೆಚ್ಚಿನ ಕೆಲಸ ಮಾಡಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಒಳ್ಳೆಯ ಸುದ್ದಿ ಎಂದರೆ ಕಿಕ್ಕರ್ ಇಳಿಯುತ್ತದೆ ಎಂಬುದು. ಇಳಿಯುವಾಗ ಒಂದು ಹಂತದಲ್ಲಿ ಕಾಲಿಗೆ ಗಟ್ಟಿಯಾಗಿ ತಡೆ ಸಿಕ್ಕಿದ್ದರೆ ಪಿಸ್ಟನ್ ಓಡಾಡುತ್ತಿದೆ, ಇಂಜಿನ್ ಜಾಮ್ ಆಗಿಲ್ಲ ಎಂದರ್ಥ. ತಡೆಯೇ ಇಲ್ಲದೆ ಸಲೀಸಾಗಿ ಕೆಳಗೆ ಹೋದರೆ ಮಾತ್ರ ಅನುಮಾನಪಡಬೇಕು. ವಾಲ್ವ್ ತೆರೆದಲ್ಲೇ ಸಿಕ್ಕಿಕೊಂಡಿರಬಹುದು, ಇಲ್ಲವೇ ಕ್ಲಚ್ ಜಾರುತ್ತಿರಬಹುದು.

ಅದೇನೇ ಇರಲಿ, ಇನ್ನು ಮುಂದೆ ಆ ಗಾಡಿಗೆ ಯಾರೂ ಕಿಕ್ ಹೊಡೆಯುವುದು ಬೇಡ. ಮಾಲೀಕರಿಗೂ ಹೇಳಿಬಿಡಿ. ನಾಲ್ಕು ವರ್ಷದಲ್ಲಿ ಸಿಲಿಂಡರಿನ ಗೋಡೆಗೆ ಹತ್ತಿದ್ದ ಆಯಿಲ್ ಪೂರ್ತಿ ಕೆಳಗಿಳಿದಿರುತ್ತದೆ. ತೆರೆದಿದ್ದ ವಾಲ್ವಿನ ಮೂಲಕ ತೇವ ಒಳಹೊಕ್ಕು ತೆಳುವಾಗಿ ತುಕ್ಕು ಕೂತಿರಬಹುದು. ಒಣಗಿದ ಗೋಡೆಯ ಮೇಲೆ ಪಿಸ್ಟನ್ನಿನ ರಿಂಗುಗಳನ್ನು ಎಳೆದಾಡಿದಷ್ಟೂ ಗೀರು ಬೀಳುತ್ತದೆ. ಜೊತೆಗೆ, ಪ್ರತಿ ಕಿಕ್ಕಿಗೂ ಟ್ಯಾಂಕಿನಲ್ಲಿ ಕೊಳೆತ ಪೆಟ್ರೋಲು ಒಂದಿಷ್ಟು ಒಳಗೆ ಹೋಗುತ್ತದೆ.

"ಬ್ಯಾಟರಿ ಒಂದು ಹಾಕಿದರೆ ಸಾಕು" ಎಂಬ ಮಾತನ್ನು ಪಕ್ಕಕ್ಕಿಡಿ. ಕಿಕ್ಕರ್ ಇರುವ ಎಷ್ಟೋ ಗಾಡಿಗಳಲ್ಲಿ ಬ್ಯಾಟರಿ ಸತ್ತಿದ್ದರೂ ಇಂಜಿನ್ನಿನ ಜೊತೆ ತಿರುಗುವ ಮ್ಯಾಗ್ನೆಟ್‌ನಿಂದಲೇ ಕಿಡಿ ಬರುತ್ತದೆ. ಇದು ಅಂಥ ಗಾಡಿಯಾಗಿದ್ದರೆ ಸ್ಟಾರ್ಟ್ ಆಗದಿರುವುದಕ್ಕೂ ಬ್ಯಾಟರಿಗೂ ಸಂಬಂಧವೇ ಇಲ್ಲ. ಮಾಲೀಕರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ನಾಲ್ಕು ವರ್ಷದಿಂದ ಮುಟ್ಟದ ಗಾಡಿಗೆ ಏನಾಗಿದೆ ಎಂದು ಅವರಿಗೂ ಗೊತ್ತಿರುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಂತು ಕೆಟ್ಟ ಗಾಡಿ ಬೇರೆ, ಓಡಿ ಕೆಟ್ಟ ಗಾಡಿ ಬೇರೆ. ನಿಂತರೆ ಹಾಳಾಗುವುದು ಪೆಟ್ರೋಲು, ರಬ್ಬರು, ಬ್ರೇಕ್ ಆಯಿಲ್, ಬ್ಯಾಟರಿ, ಕೇಬಲ್ಲು, ಟಯರು. ಇವೆಲ್ಲ ಬಿಚ್ಚಿ ಬದಲಿಸುವ ವಸ್ತುಗಳು. ನಿಮ್ಮಂಥ ಹೊಸಬರೂ ತಾಳ್ಮೆಯಿಂದ ಮಾಡಬಹುದಾದ ಕೆಲಸ. ಆಯಿಲ್ ಬದಲಿಸದೆ, ಆಯಿಲ್ ಇದೆಯೋ ಇಲ್ಲವೋ ನೋಡದೆ ವರ್ಷಗಟ್ಟಲೆ ಓಡಿಸಿದ ಗಾಡಿಯಲ್ಲಿ ಸವೆಯುವುದು ಕ್ರ್ಯಾಂಕ್ ಬೇರಿಂಗು, ಕ್ಯಾಮು, ಸಿಲಿಂಡರು, ಗೇರು. ಅಲ್ಲಿ ಇಂಜಿನ್ ಇಳಿಸಬೇಕು, ಎರಡು ಹೋಳು ಮಾಡಬೇಕು, ಖರ್ಚು ಎಲ್ಲಿಗೆ ನಿಲ್ಲುತ್ತದೆ ಎಂದು ಮೊದಲೇ ಹೇಳಲಾಗದು. ಹೊರಗಿನಿಂದ ನೋಡಿದರೆ ಎರಡೂ ಧೂಳು ಹಿಡಿದ ಗಾಡಿಗಳೇ. ನೀವು ನೋಡಲು ಹೋಗುವುದು ಇದು ಯಾವ ಬಗೆಯದು ಎಂದು ಕಂಡುಹಿಡಿಯುವುದಕ್ಕೆ.

ಮೊದಲ ಪ್ರಶ್ನೆಯನ್ನು ಮಾಲೀಕರಿಗೇ ಕೇಳಿ: "ಕೊನೆಯ ಸಲ ಓಡಿಸಿದಾಗ ಹೇಗಿತ್ತು? ಯಾಕೆ ನಿಲ್ಲಿಸಿದಿರಿ?" ಬೇರೆ ಗಾಡಿ ಕೊಂಡರು, ಊರು ಬಿಟ್ಟರು, ಓಡಿಸುವವರು ಇಲ್ಲವಾದರು ಎಂಬ ಉತ್ತರ ಬಂದರೆ ನಿಂತು ಕೆಟ್ಟ ಗಾಡಿ ಇರಬಹುದು. "ಸ್ವಲ್ಪ ಸದ್ದು ಬರುತ್ತಿತ್ತು, ಆಮೇಲೆ ರಿಪೇರಿ ಮಾಡಿಸೋಣ ಅಂತ ಇಟ್ಟೆವು" ಎಂದರೆ ನಿಂತದ್ದಕ್ಕಿಂತ ಮೊದಲೇ ಕೆಟ್ಟಿತ್ತು ಎಂದು ತಿಳಿಯಿರಿ.

ಅಲ್ಲಿ ಏನು ನೋಡಬೇಕು

ಗಾಡಿಯನ್ನು ತೊಳೆಯದೆ, ಇದ್ದ ಹಾಗೇ ತೋರಿಸಲು ಹೇಳಿ. ಪಾಲಿಶ್ ಮಾಡಿ ನಿಲ್ಲಿಸಿದ ಗಾಡಿಗಿಂತ ಧೂಳು ಹೊತ್ತ ಗಾಡಿಯೇ ಹೆಚ್ಚು ಹೇಳುತ್ತದೆ. ಆಯಿಲ್ ಎಲ್ಲಿಂದ ಸೋರಿದೆ, ಯಾವ ಬೋಲ್ಟಿನ ಮೇಲೆ ಇತ್ತೀಚೆಗೆ ಪಾನಾ ಬಿದ್ದಿದೆ ಎಂಬುದು ಧೂಳಿನ ಮೇಲೆ ಸ್ಪಷ್ಟವಾಗಿ ಕಾಣುತ್ತದೆ.

ಎಲ್ಲಕ್ಕಿಂತ ಮೊದಲು ಕಾಗದಪತ್ರ. ನೋಂದಣಿ ಪತ್ರದಲ್ಲಿರುವ ಚಾಸಿ ನಂಬರು, ಇಂಜಿನ್ ನಂಬರು ಗಾಡಿಯ ಮೇಲೆ ಕೊರೆದಿರುವುದಕ್ಕೆ ಅಕ್ಷರ ಅಕ್ಷರವೂ ಹೊಂದಬೇಕು. ಚಾಸಿ ನಂಬರು ಸಾಮಾನ್ಯವಾಗಿ ಹ್ಯಾಂಡಲ್ ಕೂರುವ ಕೊಳವೆಯ ಮೇಲಿರುತ್ತದೆ. ತುಕ್ಕು, ಜಿಡ್ಡು ಒರೆಸಿ ಬೆಳಕು ಬಿಟ್ಟು ಓದಿ. ಅಂಕಿಗಳ ಸುತ್ತ ಉಜ್ಜಿದ ಗುರುತು, ಹೊಸ ಪೇಂಟು, ಒಂದು ಅಂಕಿ ಮೇಲೆ ಒಂದು ಕೆಳಗೆ ಕೂತಿರುವುದು ಕಂಡರೆ ಮುಂದೆ ಮಾತೇ ಬೇಡ, ಹಿಂದಿರುಗಿ. ಮಾರುತ್ತಿರುವವರ ಹೆಸರಿನಲ್ಲೇ ಗಾಡಿ ಇದೆಯೇ, ಸಾಲ ಪೂರ್ತಿ ತೀರಿದೆಯೇ ಎಂಬುದನ್ನೂ ಕಾಗದದಲ್ಲೇ ನೋಡಿ. ಬಾಯಿಮಾತು ಸಾಲದು.

ಆಮೇಲೆ ಫ್ರೇಮು. ಇಂಜಿನ್ನಿಗೆ ಔಷಧ ಇದೆ, ಬಾಗಿದ ಫ್ರೇಮಿಗೆ ನಿಮ್ಮ ಮಟ್ಟದಲ್ಲಿ ಔಷಧ ಇಲ್ಲ. ಹ್ಯಾಂಡಲನ್ನು ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ. ಅದು ಬಂದು ತಾಗುವ ಕಡೆ ಫ್ರೇಮಿನಲ್ಲಿ ಒಂದು ಸಣ್ಣ ತಡೆ ಇರುತ್ತದೆ. ಅದು ಜಜ್ಜಿಹೋಗಿದ್ದರೆ ಅಥವಾ ಮುರಿದಿದ್ದರೆ ಗಾಡಿ ಎಲ್ಲೋ ಜೋರಾಗಿ ಗುದ್ದಿದೆ. ಹ್ಯಾಂಡಲ್ ಕೊಳವೆಯ ಕೆಳಗೆ, ಫ್ರೇಮಿನ ಪೈಪುಗಳು ಬಂದು ಸೇರುವ ಮೂಲೆಯಲ್ಲಿ ಪೇಂಟು ಬಿರುಕು ಬಿಟ್ಟಿದೆಯೇ, ಅಲೆಯಂತೆ ಉಬ್ಬಿದೆಯೇ ನೋಡಿ. ಗಾಡಿಯ ಹಿಂದೆ ಹತ್ತು ಹೆಜ್ಜೆ ದೂರ ಕೂತು, ಹಿಂದಿನ ಚಕ್ರ ಮತ್ತು ಮುಂದಿನ ಚಕ್ರ ಒಂದೇ ಗೆರೆಯಲ್ಲಿವೆಯೇ ಎಂದು ಕಣ್ಣಳತೆಯಲ್ಲಿ ನೋಡಿ. ಲಿವರ್ ತುದಿ ಮುರಿದಿರುವುದು, ಫುಟ್‌ರೆಸ್ಟ್ ತುದಿ ಸವೆದಿರುವುದು ದೊಡ್ಡ ವಿಷಯವಲ್ಲ. ನಿಂತಲ್ಲೇ ಒಮ್ಮೆ ಬಿದ್ದ ಗಾಡಿಗೂ ಅಷ್ಟಾಗುತ್ತದೆ.

ಸೆಂಟರ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ನೆಲ ಬಿಡುವಂತೆ ಒಬ್ಬರು ಹಿಂದಿನಿಂದ ಒತ್ತಿ ಹಿಡಿಯಲಿ. ಹ್ಯಾಂಡಲನ್ನು ಬೆರಳ ತುದಿಯಿಂದ ನಿಧಾನವಾಗಿ ತಿರುಗಿಸಿ. ನಡುವಿಗೆ ಬಂದಾಗ ಅದು ತಾನಾಗಿ ಒಂದು ಹಳ್ಳಕ್ಕೆ ಕೂತಂತೆ ನಿಂತರೆ ಬೇರಿಂಗಿನ ಗುಂಡುಗಳು ಬಟ್ಟಲನ್ನು ಹೊಡೆದಿವೆ, ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗು) ಬದಲಿಸಬೇಕು. ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಎಳೆದಾಗ ಟಕ್ ಎಂದರೂ ಅದೇ ಕಥೆ. ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಉಗುರಾಡಿಸಿ ನೋಡಿ. ಸೀಲು ಓಡಾಡುವ ಭಾಗದಲ್ಲಿ ತುಕ್ಕಿನ ಚುಕ್ಕೆ ಉಗುರಿಗೆ ತಾಗಿದರೆ ಹೊಸ ಸೀಲು ಹಾಕಿದರೂ ಬೇಗ ಹರಿದು ಸೋರುತ್ತದೆ. ಆಗ ಕೊಳವೆಯ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. ಹಿಂದಿನ ಚಕ್ರ ಹಿಡಿದು ಅಡ್ಡಡ್ಡ ಅಲುಗಾಡಿಸಿದರೆ ಚಕ್ರದ ಬೇರಿಂಗು ಮತ್ತು ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದ ತೋಳು) ಬುಷ್ಷಿನ ಹಣೆಬರಹ ಗೊತ್ತಾಗುತ್ತದೆ.

ಮೀಟರಿನಲ್ಲಿರುವ 38 ಸಾವಿರವನ್ನು ನಂಬುವ ಮುನ್ನ ಬ್ರೇಕ್ ಪೆಡಲ್, ಗೇರ್ ಲಿವರ್, ಹಿಡಿಕೆ, ಫುಟ್‌ರೆಸ್ಟ್ ರಬ್ಬರುಗಳನ್ನು ನೋಡಿ. ರಬ್ಬರು ನುಣ್ಣಗಾಗಿ ಒಳಗಿನ ಲೋಹ ಇಣುಕುತ್ತಿದ್ದರೆ ಮೀಟರ್ ಎಲ್ಲೋ ನಿಂತಿತ್ತು, ಇಲ್ಲವೇ ಬದಲಾಗಿದೆ.

ಇಂಜಿನ್ನನ್ನು ಸ್ಟಾರ್ಟ್ ಮಾಡದೆಯೇ ಪರೀಕ್ಷಿಸಬಹುದು. ಆಯಿಲ್ ಮುಚ್ಚಳ ತೆಗೆದು ಮೂಸಿ ನೋಡಿ. ಪೆಟ್ರೋಲಿನ ವಾಸನೆ ಬಂದರೆ, ಮಟ್ಟವೂ ಇರಬೇಕಾದ್ದಕ್ಕಿಂತ ಮೇಲಿದ್ದರೆ, ಕಾರ್ಬೊರೇಟರಿನಲ್ಲಿ ಪೆಟ್ರೋಲನ್ನು ತಡೆಯುವ ನೀಡಲ್ ಹಿಡಿಯದೆ ಪೆಟ್ರೋಲು ಇಂಜಿನ್ನಿಗೆ ಇಳಿದಿದೆ. ಅದನ್ನು ಸರಿಪಡಿಸಬಹುದು. ಹಾಲು ಬೆರೆಸಿದ ಕಾಫಿಯ ಬಣ್ಣ ಇದ್ದರೆ ನೀರು ಸೇರಿದೆ. ನಿಂತಲ್ಲಿ ಮಳೆ ನೀರು ಸೈಲೆನ್ಸರ್ ಅಥವಾ ಏರ್ ಫಿಲ್ಟರ್ ದಾರಿಯಲ್ಲಿ ಇಳಿದಿತ್ತೇ ಎಂದು ವಿಚಾರಿಸಿ. ಮಾಲೀಕರು ಒಪ್ಪಿದರೆ ಡ್ರೈನ್ ಬೋಲ್ಟ್ ಬಿಚ್ಚಿ ಒಂದಿಷ್ಟು ಆಯಿಲ್ ಬಿಳಿ ಬಟ್ಟೆಯ ಮೇಲೆ ಬೀಳಿಸಿ. ಬೂದು ಬಣ್ಣದ ನುಣ್ಣನೆಯ ಪುಡಿ ಸ್ವಲ್ಪ ಇದ್ದರೆ ಸಹಜ. ಹೊಳೆಯುವ ಚೂರುಗಳು ಬೆರಳಿಗೆ ಚುಚ್ಚಿದರೆ ಅದು ಓಡಿ ಕೆಟ್ಟ ಗಾಡಿ.

ಸ್ಪಾರ್ಕ್ ಪ್ಲಗ್ ಬಿಚ್ಚಲು ಒಪ್ಪಿಗೆ ಕೇಳಿ. ಬಿಚ್ಚುವ ಮೊದಲು ಸುತ್ತಲಿನ ಕಸ ಊದಿ ತೆಗೆಯಿರಿ, ಇಲ್ಲದಿದ್ದರೆ ಅದು ನೇರವಾಗಿ ಸಿಲಿಂಡರಿಗೆ ಬೀಳುತ್ತದೆ. ತುದಿ ಒಣಗಿದ ಕಂದು ಅಥವಾ ಬೂದು ಬಣ್ಣವಿದ್ದರೆ ಕೊನೆಯ ಸಲ ಇಂಜಿನ್ ಚೆನ್ನಾಗಿಯೇ ಉರಿಯುತ್ತಿತ್ತು. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿತ್ತು. ಒದ್ದೆಯಾದ, ಆಯಿಲ್ ಹತ್ತಿದ ಕಪ್ಪು ಇದ್ದರೆ ರಿಂಗು ಅಥವಾ ವಾಲ್ವ್ ಸೀಲು ಸವೆದಿದೆ. ಮೊಬೈಲಿಗೆ ಸಿಕ್ಕಿಸುವ ಸಣ್ಣ ಕ್ಯಾಮೆರಾ ಯಾರ ಬಳಿಯಾದರೂ ಇದ್ದರೆ ಪ್ಲಗ್ಗಿನ ತೂತಿನಿಂದ ಇಳಿಸಿ ಗೋಡೆ ನೋಡಿ. ಕೆಂಪು ಕಲೆ ಇದ್ದರೆ ಗಾಬರಿ ಬೇಡ. ಮೇಲಿನಿಂದ ಕೆಳಗೆ ಆಳವಾದ ಗೀರು ಇದ್ದರೆ ಬೋರ್ ಮಾಡಿಸಬೇಕಾಗುತ್ತದೆ, ಅಂದರೆ ಸಿಲಿಂಡರನ್ನು ಒಳಗಿನಿಂದ ಕೊರೆಸಬೇಕು.

ಬೆಲೆ ಮಾತಾಡುವಾಗ ಬ್ಯಾಟರಿ, ಎರಡು ಟಯರು ಮತ್ತು ಟ್ಯೂಬು, ಚೈನ್ ಸ್ಪ್ರಾಕೆಟ್ ಸೆಟ್ಟು, ಬ್ರೇಕ್ ಪ್ಯಾಡು, ಶೂ, ಮಾಸ್ಟರ್ ಸಿಲಿಂಡರ್ (ಲಿವರ್ ಒತ್ತಿದಾಗ ಬ್ರೇಕ್ ಆಯಿಲನ್ನು ತಳ್ಳುವ ಭಾಗ) ಕಿಟ್ಟು, ಕೇಬಲ್ಲುಗಳು, ಕಾರ್ಬೊರೇಟರ್ ಕಿಟ್ಟು, ಫಿಲ್ಟರು, ಫೋರ್ಕ್ ಸೀಲು ಇಷ್ಟೂ ಬದಲಿಸಬೇಕೆಂದೇ ಲೆಕ್ಕ ಹಾಕಿ. ನೋಡಲು ಚೆನ್ನಾಗಿವೆ ಎಂದು ಯಾವುದನ್ನೂ ಬಿಡಬೇಡಿ. ಆ ಮೊತ್ತಕ್ಕೆ ಗಾಡಿಯ ಬೆಲೆ ಸೇರಿಸಿ, ಅದೇ ಮಾದರಿಯ ಓಡುತ್ತಿರುವ ಒಳ್ಳೆಯ ಗಾಡಿಯ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಮೂಗಿಗಿಂತ ಮೂಗುತಿ ಭಾರವಾದರೆ ಓಡುವ ಗಾಡಿಯನ್ನೇ ಕೊಳ್ಳುವುದು ಜಾಣತನ. ಆ ಮಾದರಿಯ ಬಿಡಿಭಾಗ ಈಗಲೂ ಸಿಗುತ್ತದೆಯೇ ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸಿ. ಸಿಗದ ಒಂದು ಸಣ್ಣ ರಬ್ಬರಿಗಾಗಿ ಗಾಡಿ ತಿಂಗಳುಗಟ್ಟಲೆ ಮೂಲೆ ಹಿಡಿಯುವುದುಂಟು.

ಮನೆಗೆ ತಂದ ಮೇಲೆ

ತಂದ ದಿನವೇ ಸ್ಟಾರ್ಟ್ ಮಾಡಿ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ದಯವಿಟ್ಟು ತಡೆದುಕೊಳ್ಳಿ. ನಿಲ್ಲಲು ಬಾರದ ಗಾಡಿ ಓಡಲು ಕಲಿತರೆ ಅಪಾಯ. ನನ್ನ ಕ್ರಮದಲ್ಲಿ ಬ್ರೇಕು ಮೊದಲು, ಇಂಜಿನ್ ಆಮೇಲೆ.

ಮೊದಲ ದಿನ ಮಾಡಬೇಕಾದದ್ದು ಮೂರೇ. ಬ್ಯಾಟರಿ ಬಿಚ್ಚಿ ಹೊರಗಿಡಿ, ಮೈನಸ್ ತಂತಿ ಮೊದಲು. ಟ್ಯಾಂಕಿನ ಪೆಟ್ರೋಲು ಪೂರ್ತಿ ಇಳಿಸಿ. ಪ್ಲಗ್ಗಿನ ತೂತಿನಲ್ಲಿ ಒಂದು ಚಮಚದಷ್ಟು ಇಂಜಿನ್ ಆಯಿಲ್ ಹಾಕಿ ಬಿಟ್ಟುಬಿಡಿ. ಮಾರನೆಯ ದಿನ ಟಾಪ್ ಗೇರಿಗೆ ಹಾಕಿ, ಪ್ಲಗ್ ಬಿಚ್ಚಿಯೇ ಇರಲಿ, ಹಿಂದಿನ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಆಯಿಲ್ ಗೋಡೆಗೆಲ್ಲ ಹರಡುತ್ತದೆ. ಎಲ್ಲಾದರೂ ಗಟ್ಟಿಯಾಗಿ ಹಿಡಿದರೆ ಬಲ ಹಾಕದೆ ಹಿಂದೆ ತಿರುಗಿಸಿ, ಇನ್ನಷ್ಟು ಆಯಿಲ್ ಹಾಕಿ ಕಾಯಿರಿ.

ಬ್ರೇಕಿನ ಕೆಲಸಕ್ಕೆ ಬನ್ನಿ. ಡಿಸ್ಕ್ ಬ್ರೇಕಿನ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 4 (DOT 4) ದರ್ಜೆಯ ಬ್ರೇಕ್ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ಸುಮಾರು 3.7 ಶೇಕಡಾ ನೀರು ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾದಾಗ ಅದು ಕುದಿದು ಆವಿಯಾದರೆ ಲಿವರ್ ಹಿಡಿಕೆಗೆ ತಾಗುವವರೆಗೂ ಬರುತ್ತದೆ, ಗಾಡಿ ನಿಲ್ಲುವುದಿಲ್ಲ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು ಎನ್ನುವುದು. ನಿಮ್ಮ ಗಾಡಿಯದು ನಾಲ್ಕು ವರ್ಷ ದಾಟಿದೆ.

ಮಾಸ್ಟರ್ ಸಿಲಿಂಡರಿನ ಮುಚ್ಚಳ ತೆಗೆದರೆ ಬಟ್ಟಲಿನ ತಳದಲ್ಲಿ ಕಂದು ಬಣ್ಣದ ರಾಡಿಯೋ, ಗಟ್ಟಿಯಾದ ಹರಳುಗಳೋ ಕಾಣುತ್ತವೆ. ಅದನ್ನು ಶುಚಿಮಾಡಿ ತಳವನ್ನು ಗಮನವಿಟ್ಟು ನೋಡಿ. ಅಲ್ಲಿ ಎರಡು ತೂತುಗಳಿರುತ್ತವೆ, ಒಂದು ದೊಡ್ಡದು, ಇನ್ನೊಂದು ಸೂಜಿಮೊನೆಯಷ್ಟು. ಈ ಸಣ್ಣ ತೂತೇ ಬ್ರೇಕ್ ಬಿಟ್ಟಾಗ ಒತ್ತಡವನ್ನು ಹಿಂದಕ್ಕೆ ಬಿಡುವ ದಾರಿ. ಅದು ಕಟ್ಟಿಕೊಂಡಿದ್ದರೆ ಲಿವರ್ ಬಿಟ್ಟರೂ ಪ್ಯಾಡು ಡಿಸ್ಕನ್ನು ಹಿಡಿದೇ ಇರುತ್ತದೆ, ಓಡುತ್ತಾ ಓಡುತ್ತಾ ಬಿಸಿಯಾಗಿ ಮುಂದಿನ ಚಕ್ರ ಲಾಕ್ ಆಗುವ ಮಟ್ಟಕ್ಕೆ ಹೋಗಬಹುದು. ಹೊಸ ಆಯಿಲ್ ತುಂಬಿದ ಮೇಲೆ ಲಿವರನ್ನು ಮೆಲ್ಲಗೆ ಒತ್ತುತ್ತಾ ಬಟ್ಟಲಿನೊಳಗೆ ನೋಡಿ. ಒತ್ತಿದ ಕ್ಷಣದಲ್ಲಿ ಆ ತೂತಿನಿಂದ ಪುಟ್ಟ ಚಿಲುಮೆ ಚಿಮ್ಮಿದರೆ ದಾರಿ ತೆರೆದಿದೆ. ಕಣ್ಣಿಗೆ ಹಾರದಂತೆ ಮುಖ ದೂರವಿಡಿ. ಈ ಆಯಿಲ್ ಪೇಂಟನ್ನೂ ತಿನ್ನುತ್ತದೆ, ಆದ್ದರಿಂದ ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಹಾಸಿ.

ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚಿ, ಅದರ ಪಿಸ್ಟನ್ ಹೊರತೆಗೆದು, ಅದರ ಮೈಮೇಲೆ ತುಕ್ಕಿನ ಕುಳಿ ಇದೆಯೇ ನೋಡಿ, ರಬ್ಬರು ಸೀಲುಗಳನ್ನು ಹೊಸದಾಗಿ ಹಾಕಿ. ರಬ್ಬರು ಹೋಸು ಹಳೆಯದಾಗಿದ್ದರೆ ಬದಲಿಸಿಬಿಡಿ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಉಬ್ಬಿಕೊಂಡು ಆಯಿಲ್ ಹಿಂದೆ ಬರದಂತೆ ತಡೆಯುತ್ತದೆ. ಡಬ್ಬಿಯ ಮೇಲೆ ಡಾಟ್ 5 ಎಂದಷ್ಟೇ ಇದ್ದರೆ ಅದು ಸಿಲಿಕೋನಿನದು. ಡಾಟ್ 3, 4ರ ಜೊತೆ ಅದನ್ನು ಬೆರೆಸಬಾರದು. ಮಾಸ್ಟರ್ ಸಿಲಿಂಡರಿನ ಮುಚ್ಚಳದ ಮೇಲೆ ಯಾವುದು ಬೇಕೆಂದು ಬರೆದಿರುತ್ತದೆ.

ಹಿಂದಿನ ಡ್ರಮ್ ಬಿಚ್ಚಿದಾಗ ಧೂಳನ್ನು ಊದಬೇಡಿ. ಹಳೆಯ ಶೂಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಇದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆಯನ್ನೇ ಎಸೆಯಿರಿ. ಶೂವಿನ ಲೈನಿಂಗ್ ದಪ್ಪ ಇದ್ದರೂ ಅಂಟು ಬಿಟ್ಟಿರಬಹುದು. ಅದು ಓಡುವಾಗ ಕಳಚಿದರೆ ಚಕ್ರ ಸಿಕ್ಕಿಕೊಳ್ಳುತ್ತದೆ. ಹೊಸ ಶೂಗಳನ್ನೇ ಹಾಕಿ.

ಟಯರಿನ ವಯಸ್ಸನ್ನು ಅದರ ಮೇಲಿನ ತೋಡುಗಳ ಆಳದಿಂದ ಅಳೆಯಬೇಡಿ. ಪಕ್ಕದ ಗೋಡೆಯ ಮೇಲೆ ಡಾಟ್ (DOT) ಎಂಬ ಗುರುತಿನ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2317 ಎಂದಿದ್ದರೆ 2017ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಗಟ್ಟಿಯಾದ ರಬ್ಬರು ಒದ್ದೆ ರಸ್ತೆಯಲ್ಲಿ ಹಿಡಿಯುವುದೇ ಇಲ್ಲ. ನಾಲ್ಕು ವರ್ಷ ಗಾಳಿಯಿಲ್ಲದೆ ಒಂದೇ ಕಡೆ ಒತ್ತಿ ನಿಂತ ಟಯರನ್ನು ನಾನು ಯಾವ ಕಾರಣಕ್ಕೂ ಮತ್ತೆ ರಸ್ತೆಗಿಳಿಸುವುದಿಲ್ಲ.

ಪೆಟ್ರೋಲಿನ ದಾರಿ

ಸ್ಟಾರ್ಟ್ ಆಗದಿರುವುದರ ಮೂಲ ಬಹುತೇಕ ಇಲ್ಲೇ ಇರುತ್ತದೆ. ನಿಂತ ಪೆಟ್ರೋಲಿನಲ್ಲಿ ಬೇಗ ಹೊತ್ತಿಕೊಳ್ಳುವ ಹಗುರ ಅಂಶ ಮೊದಲು ಹಾರಿಹೋಗುತ್ತದೆ. ಉಳಿದದ್ದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಅಂಟಾಗುತ್ತದೆ. ಎಥನಾಲ್ ಬೆರೆತ ಪೆಟ್ರೋಲಾದರೆ ನೀರನ್ನೂ ಹೀರುತ್ತದೆ. ನೀರು ಹೆಚ್ಚಾದಾಗ ಎಥನಾಲು ಮತ್ತು ನೀರು ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿದು ತುಕ್ಕು ಹಿಡಿಸುತ್ತವೆ. ಹಳೆ ಪೆಟ್ರೋಲಿಗೆ ಪೇಂಟು, ವಾರ್ನಿಷ್ಷಿನ ಘಾಟು ಇರುತ್ತದೆ. ಅದನ್ನು ಚರಂಡಿಗೆ ಸುರಿಯಬೇಡಿ, ಬೇರೆ ಗಾಡಿಗೂ ಹಾಕಬೇಡಿ.

ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನೋಡಿ. ಮೇಲ್ಮೈ ತುಕ್ಕಾದರೆ ಸಿಟ್ರಿಕ್ ಆಮ್ಲವನ್ನು ಬಿಸಿನೀರಿನಲ್ಲಿ ಕರಗಿಸಿ ತುಂಬಿ ಒಂದು ರಾತ್ರಿ ಬಿಡಿ. ಚೆಲ್ಲಿದ ಮೇಲೆ ಅಡುಗೆ ಸೋಡಾ ನೀರಿನಿಂದ ತೊಳೆದು, ತಕ್ಷಣ ಒಣಗಿಸಿ, ಒಳಗೆಲ್ಲ ಆಯಿಲ್ ಸವರುವಂತೆ ಅಲ್ಲಾಡಿಸಿ. ತೊಳೆದು ಹಾಗೇ ಬಿಟ್ಟರೆ ಗಂಟೆಗಳಲ್ಲೇ ಮತ್ತೆ ಕೆಂಪಾಗುತ್ತದೆ. ತುಕ್ಕು ತೂತಾಗುವ ಮಟ್ಟಕ್ಕೆ ಹೋಗಿದ್ದರೆ ಟ್ಯಾಂಕು ಬದಲಿಸುವುದೇ ಸರಿ. ಪೆಟ್ರೋಲು ಕಂಡ ಟ್ಯಾಂಕಿಗೆ ಬೆಸುಗೆ ಹಾಕಲು ಮನೆಯಲ್ಲಿ ಯಾರೂ ಕೈಹಾಕಬಾರದು. ಖಾಲಿ ಟ್ಯಾಂಕಿನ ಆವಿಯೇ ಸ್ಫೋಟಿಸುತ್ತದೆ. ಟ್ಯಾಂಕಿನ ಕೆಳಗೆ ಪೆಟ್ರೋಲು ಬಿಡುವ ಕಾಕಿನ ಜಾಲರಿ ಶುಚಿಮಾಡಿ, ರಬ್ಬರು ಪೈಪು ಬದಲಿಸಿ, ಒಂದು ಸಣ್ಣ ಫಿಲ್ಟರ್ ಹಾಕಿ.

ಕಾರ್ಬೊರೇಟರ್ ಬಿಚ್ಚುವಾಗ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಜಪಾನಿ ವಿನ್ಯಾಸದ ಗಾಡಿಗಳಲ್ಲಿ ಪ್ಲಸ್ ತಲೆಯ ಸ್ಕ್ರೂಗಳು ಸಾಮಾನ್ಯ ಫಿಲಿಪ್ಸ್‌ನಂತೆ ಕಂಡರೂ ಹಲವು ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಅಳತೆಯವು, ಕೆಲವದರ ತಲೆಯ ಮೇಲೆ ಒಂದು ಚುಕ್ಕೆ ಇರುತ್ತದೆ. ಸರಿಯಾದ ತುದಿ ಇಲ್ಲದೆ ತಿರುಗಿಸಿದರೆ ತಲೆ ಸವೆದುಹೋಗುತ್ತದೆ. ಸವೆದ ಸ್ಕ್ರೂ ತೆಗೆಯುವುದರಲ್ಲೇ ಒಂದು ದಿನ ಹೋಗುತ್ತದೆ, ಹಾಗಾಗಿ ಆ ಒಂದು ಸ್ಕ್ರೂಡ್ರೈವರ್ ಕೊಳ್ಳಿ.

ಕೆಳಗಿನ ಬಟ್ಟಲು ಬಿಚ್ಚಿದರೆ ಹಸಿರು ಅಥವಾ ಕಂದು ಅಂಟು ಕಾಣುತ್ತದೆ. ಫ್ಲೋಟ್ ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಪೆಟ್ರೋಲು ಕುಲುಕಿದರೆ ಅದು ತೂತಾಗಿದೆ. ನೀಡಲಿನ ತುದಿಯ ಕೋನದಲ್ಲಿ ಉಂಗುರದಂತೆ ಗೆರೆ ಬಿದ್ದಿದ್ದರೆ ಬದಲಿಸಿ. ಆಯಿಲಿಗೆ ಪೆಟ್ರೋಲು ಸೇರುವ ಕಾಯಿಲೆ ಈ ಗೆರೆಯಿಂದಲೇ. ಐಡ್ಲಿಂಗಿನ ಗಾಳಿ-ಪೆಟ್ರೋಲು ಮಿಶ್ರಣ ಹೊಂದಿಸುವ ಏರ್ ಸ್ಕ್ರೂ ಬಿಚ್ಚುವ ಮೊದಲು ಮೆಲ್ಲಗೆ ಒಳಕ್ಕೆ ಪೂರ್ತಿ ತಿರುಗಿಸುತ್ತಾ ಎಷ್ಟು ಸುತ್ತು ಬಂತೆಂದು ಬರೆದಿಟ್ಟುಕೊಳ್ಳಿ. ಮತ್ತೆ ಹಾಕುವಾಗ ಅಷ್ಟೇ ಹೊರಗೆ ಬಿಡಬೇಕು.

ಈಗ ಪೈಲಟ್ ಜೆಟ್ಟು. ಇಂಥ ಗಾಡಿಗಳಲ್ಲಿ ನಿಜವಾದ ಅಪರಾಧಿ ಇದೇ. ಬೆರಳಿನ ಉಗುರಿಗಿಂತ ಸ್ವಲ್ಪ ಉದ್ದದ ಹಿತ್ತಾಳೆ ತುಂಡು, ನಡುವೆ ಅರ್ಧ ಮಿಲಿಮೀಟರಿಗೂ ಕಡಿಮೆ ಅಗಲದ ತೂತು. ಸ್ಟಾರ್ಟಿಂಗು, ಐಡ್ಲಿಂಗು ಎರಡೂ ಈ ತೂತನ್ನು ನಂಬಿವೆ. ಬಿಚ್ಚಿ ಬೆಳಕಿಗೆ ಹಿಡಿಯಿರಿ. ದುಂಡಗಿನ, ಅಂಚು ಸ್ಪಷ್ಟವಾದ ಬೆಳಕಿನ ಚುಕ್ಕೆ ಕಾಣಬೇಕು. ಮಸುಕಾಗಿ ಅಥವಾ ಅರ್ಧಚಂದ್ರದಂತೆ ಕಂಡರೆ ಅಂಟು ಇನ್ನೂ ಇದೆ. ಕಾರ್ಬೊರೇಟರ್ ಕ್ಲೀನರಿನಲ್ಲಿ ನೆನೆಸಿ, ಗಾಳಿ ಹೊಡೆದು, ಮತ್ತೆ ಬೆಳಕಿಗೆ ಹಿಡಿಯಿರಿ. ಮೊಂಡುತನ ಮಾಡಿದರೆ ವೈರಿನ ಒಳಗಿನ ತಾಮ್ರದ ಒಂದೇ ಎಳೆ ಸಾಕು. ಉಕ್ಕಿನ ತಂತಿ, ಡ್ರಿಲ್ ಬಿಟ್ ಹತ್ತಿರ ತರಬೇಡಿ. ಜೆಟ್ಟಿನ ಅಳತೆ ಕೂದಲಿನಷ್ಟು ಹೆಚ್ಚಾದರೂ ಗಾಡಿ ಮಸಿ ಉಗುಳುತ್ತದೆ. ಜೆಟ್ಟು ಕೂರುವ ದಾರಿಗಳಿಗೂ ಕ್ಲೀನರ್ ಹೊಡೆದು ಎಲ್ಲಿಂದ ಹೊರಬರುತ್ತದೆ ನೋಡಿ. ಹಾಗೆ ಹೊಡೆಯುವ ಮೊದಲು ರಬ್ಬರು ಡಯಾಫ್ರಮ್, ಓ-ರಿಂಗುಗಳನ್ನು ತೆಗೆದಿಡಿ. ಕ್ಲೀನರ್ ತಾಗಿದರೆ ಅವು ಊದಿಕೊಳ್ಳುತ್ತವೆ. ಕಾರ್ಬೊರೇಟರಿಗೂ ಇಂಜಿನ್ನಿಗೂ ನಡುವಿನ ರಬ್ಬರು ಕುತ್ತಿಗೆಯನ್ನು ಬಗ್ಗಿಸಿ ನೋಡಿ, ಬಿರುಕಿದ್ದರೆ ಎಷ್ಟು ಟ್ಯೂನ್ ಮಾಡಿದರೂ ಐಡ್ಲಿಂಗ್ ನಿಲ್ಲುವುದಿಲ್ಲ.

ವೈರಿಂಗಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸೀಟಿನ ಕೆಳಗೆ, ಟ್ಯಾಂಕಿನ ಕೆಳಗೆ ಇಲಿ ಕಡಿದಿದೆಯೇ ನೋಡಿ, ಕನೆಕ್ಟರುಗಳನ್ನು ಬಿಚ್ಚಿ ಹಸಿರು ಕಿಲುಬು ಉಜ್ಜಿ, ಫ್ರೇಮಿಗೆ ಬರುವ ಅರ್ತ್ ಬೋಲ್ಟನ್ನು ಹೊಳೆಯುವಂತೆ ಮಾಡಿ ಬಿಗಿಮಾಡಿ. ಅರ್ಧ ತೊಂದರೆ ಅಲ್ಲೇ ಹೋಗುತ್ತದೆ. ಪೂರ್ತಿ ಚಾರ್ಜಾದ ಒಳ್ಳೆಯ ಬ್ಯಾಟರಿ ಸುಮ್ಮನಿದ್ದಾಗ 12.7 ವೋಲ್ಟ್ ಸುಮಾರು ತೋರಿಸುತ್ತದೆ.

ಮೊದಲ ಸ್ಟಾರ್ಟ್

ಸ್ಟಾರ್ಟ್ ಮಾಡುವ ಮುನ್ನ ಟ್ಯಾಪೆಟ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದು, ಅಳೆಯಿರಿ. ಇಂಜಿನ್ ತಣ್ಣಗಿರುವಾಗ, ಪಿಸ್ಟನ್ ಕಂಪ್ರೆಷನ್ನಿನ ತುದಿಯಲ್ಲಿರುವಾಗ, ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳು). ಅಳತೆ ನಿಮ್ಮ ಗಾಡಿಯ ಕೈಪಿಡಿಯಲ್ಲಿದೆ. ಈ ಗಾತ್ರದ ಎಷ್ಟೋ ಇಂಜಿನ್ನುಗಳಲ್ಲಿ ಅದು 0.05ರಿಂದ 0.10 ಮಿ.ಮೀ. ಆಸುಪಾಸು. ಸದ್ದೇ ಮಾಡದ ಟ್ಯಾಪೆಟ್ ಒಳ್ಳೆಯದು ಎಂಬ ನಂಬಿಕೆ ಬಹಳ ಜನರಿಗಿದೆ. ನಾನು ಒಪ್ಪುವುದಿಲ್ಲ. ತುಸು ಸಡಿಲವಿದ್ದರೆ ಟಿಕ್ ಟಿಕ್ ಎನ್ನುತ್ತದೆ, ಅಷ್ಟೇ. ಬಿಗಿಯಾದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ, ಸ್ಟಾರ್ಟಿಂಗೂ ಕಷ್ಟ.

ಹಳೆ ಆಯಿಲ್ ಇಳಿಸಿ ಹೊಸದು ಹಾಕಿ. ಡಬ್ಬಿಯ ಮೇಲೆ ಜೇಸೋ ಎಂಬ ಜಪಾನಿ ಮಾನದಂಡದ ಎಂಎ (JASO MA) ಅಥವಾ ಎಂಎ2 ಎಂದಿರಬೇಕು. ಬೈಕಿನ ಕ್ಲಚ್ ಇದೇ ಆಯಿಲಿನಲ್ಲಿ ಮುಳುಗಿರುತ್ತದೆ. ಜಾರಿಕೆ ಹೆಚ್ಚಿಸುವ ಅಂಶ ಬೆರೆತ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ಇಗ್ನಿಷನ್ ಆಫ್ ಮಾಡಿ, ಪ್ಲಗ್ ಬಿಚ್ಚಿದ ಹಾಗೇ ನಿಧಾನವಾಗಿ ಹತ್ತಿಪ್ಪತ್ತು ಕಿಕ್ ಕೊಡಿ, ಆಯಿಲ್ ಮೇಲಿನವರೆಗೂ ಹೋಗಲಿ. ಟ್ಯಾಪೆಟ್ ಮುಚ್ಚಳದಲ್ಲಿ ಆಯಿಲ್ ಕಂಡರೆ ಪಂಪು ಕೆಲಸ ಮಾಡುತ್ತಿದೆ.

ಹೊಸ ಪ್ಲಗ್ ಹಾಕಿ ಗಾಡಿಯನ್ನು ಬಯಲಿಗೆ ತನ್ನಿ. ಮುಚ್ಚಿದ ಶೆಡ್ಡಿನಲ್ಲಿ ಸ್ಟಾರ್ಟ್ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ತಲೆ ತಿರುಗುವಷ್ಟರಲ್ಲಿ ತಡವಾಗಿರುತ್ತದೆ. ಕಾಕು ತೆರೆದು ಐದು ನಿಮಿಷ ಸೋರಿಕೆ ನೋಡಿದ ನಂತರ ಚೋಕ್ ಎಳೆದು ಕಿಕ್ ಕೊಡಿ. ಹೊತ್ತಿಕೊಂಡ ಕೂಡಲೇ ನೀಲಿ ಹೊಗೆ ಏಳುತ್ತದೆ. ಸಿಲಿಂಡರಿಗೆ ನೀವೇ ಹಾಕಿದ ಆಯಿಲ್ ಅದು, ಕೆಲವು ನಿಮಿಷದಲ್ಲಿ ತಿಳಿಯಾಗಬೇಕು. ಬಿಳಿ ಆವಿ ಸೈಲೆನ್ಸರಿನ ತೇವ. ಚೋಕ್ ಹಾಕಿದಾಗ ಮಾತ್ರ ಓಡಿ, ತೆಗೆದೊಡನೆ ಆಫ್ ಆದರೆ ಪೈಲಟ್ ಜೆಟ್ಟಿನ ಕೆಲಸ ಇನ್ನೂ ಮುಗಿದಿಲ್ಲ, ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿದೆ. ಕೆಳಗಿನಿಂದ ಟಕ್ ಟಕ್ ಎಂಬ ಭಾರವಾದ ಸದ್ದು ಬಂದು, ಆಕ್ಸಿಲರೇಟರ್ ಕೊಟ್ಟಂತೆ ಜೋರಾದರೆ ತಕ್ಷಣ ಆಫ್ ಮಾಡಿ. ಅದು ಕನೆಕ್ಟಿಂಗ್ ರಾಡಿನ ಬೇರಿಂಗು ಇರಬಹುದು. ಗಾಳಿಯಿಂದ ತಣಿಯುವ ಇಂಜಿನ್ ಆದ್ದರಿಂದ ನಿಂತಲ್ಲೇ ಬಹಳ ಹೊತ್ತು ಓಡಿಸಬೇಡಿ.

ಓಡುತ್ತಿರುವಾಗ ಬ್ಯಾಟರಿಯ ತುದಿಗಳಲ್ಲಿ ವೋಲ್ಟ್ ಅಳೆಯಿರಿ. ಆಕ್ಸಿಲರೇಟರ್ ಅರ್ಧ ಕೊಟ್ಟಾಗ 13.5ರಿಂದ 14.5 ಇರಬೇಕು. 15 ದಾಟಿದರೆ ಚಾರ್ಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಹೋಗಿದೆ, ಹೊಸ ಬ್ಯಾಟರಿಯನ್ನೂ ಅದು ಕುದಿಸಿ ಕೊಲ್ಲುತ್ತದೆ. ಗೇರ್ ಹಾಕುವಾಗ ಎಚ್ಚರ: ನಾಲ್ಕು ವರ್ಷ ನಿಂತ ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಂಟಿರಬಹುದು, ಕ್ಲಚ್ ಹಿಡಿದಿದ್ದರೂ ಗಾಡಿ ಮುಂದೆ ಜಿಗಿಯಬಹುದು. ಇಂಜಿನ್ ಆಫ್ ಇರುವಾಗಲೇ ಗೇರಿನಲ್ಲಿಟ್ಟು, ಕ್ಲಚ್ ಹಿಡಿದು, ಹಿಂದೆ ಮುಂದೆ ತಳ್ಳಾಡಿ ಬಿಡಿಸಿಕೊಳ್ಳಿ.

ಇದರಲ್ಲಿ ನಿಮ್ಮಿಂದ ಆಗುವುದೆಷ್ಟು ಎಂಬುದನ್ನೂ ಹೇಳಿಬಿಡುತ್ತೇನೆ. ಟ್ಯಾಂಕು, ಕಾರ್ಬೊರೇಟರ್, ಕೇಬಲ್ಲು, ಚೈನು, ವೈರಿಂಗ್ ಶುಚಿ, ಡ್ರಮ್ ಶೂ, ಆಯಿಲ್ ಇವೆಲ್ಲ ನೀವೇ ಮಾಡಬಹುದು. ಟ್ಯಾಪೆಟ್ಟನ್ನು ಮೊದಲ ಸಲ ಬಲ್ಲವರ ಪಕ್ಕದಲ್ಲಿ ಕೂತು ಮಾಡಿ. ಡಿಸ್ಕ್ ಬ್ರೇಕಿನ ಕೆಲಸ ನೀವೇ ಮಾಡಿದರೂ ರಸ್ತೆಗಿಳಿಯುವ ಮೊದಲು ಅನುಭವಿ ಮೆಕ್ಯಾನಿಕ್ ಒಬ್ಬರು ಪರೀಕ್ಷಿಸಲಿ. ಕೋನ್ ಸೆಟ್ಟು, ಫೋರ್ಕ್ ಸೀಲು, ಟಯರ್ ಕೂರಿಸುವುದು, ಬೋರಿಂಗ್, ವಾಲ್ವ್ ಸೀಟಿಂಗ್ ಗ್ಯಾರೇಜಿಗೆ ಕೊಡಿ. ಪೇಂಟು, ಸ್ಟಿಕರು, ಸೀಟ್ ಕವರು ಎಲ್ಲ ಕೊನೆಗೆ.

ಕೊಳ್ಳುವ ನಿರ್ಧಾರಕ್ಕೆ ನನ್ನ ಉತ್ತರ ಇಷ್ಟು: ನಂಬರು ಹೊಂದಿದ್ದರೆ, ಫ್ರೇಮು ನೇರವಿದ್ದರೆ, ಆಯಿಲಿನಲ್ಲಿ ಲೋಹದ ಚೂರು ಇಲ್ಲದಿದ್ದರೆ ಕೊಳ್ಳಿ. ಈ ಮೂರರಲ್ಲಿ ಒಂದು ತಪ್ಪಿದರೂ ಬಿಟ್ಟುಬಿಡಿ, ಎಷ್ಟೇ ಅಗ್ಗವಾಗಿದ್ದರೂ ಸರಿ.

ಮೊದಲ ಕೆಲವು ಸವಾರಿ ಮನೆಯ ಸುತ್ತಲೇ ಇರಲಿ, ಪ್ರತಿ ಸಲ ಹಿಂದಿರುಗಿದಾಗ ಚಕ್ರದ ಮಧ್ಯಭಾಗ ಮುಟ್ಟಿ ನೋಡಿ. ಒಂದು ಕಡೆ ಹೆಚ್ಚು ಬಿಸಿ ಇದ್ದರೆ ಬ್ರೇಕ್ ಹಿಡಿದಿದೆ. ಡಿಸ್ಕನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ. ನೂರಿನ್ನೂರು ಕಿಲೋಮೀಟರ್ ಆದ ಮೇಲೆ ಆಯಿಲ್ ಮತ್ತೊಮ್ಮೆ ಬದಲಿಸಿ, ಒಳಗೆ ಕರಗಿ ಬಂದ ಕೊಳೆಯೆಲ್ಲ ಅದರ ಜೊತೆ ಹೋಗಲಿ. ಬೋಲ್ಟುಗಳು, ಚೈನು, ಟ್ಯಾಪೆಟ್ ಮತ್ತೆ ನೋಡಿ. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಯಲು ಸರಿಯಾದ ಸಮಯವೂ ಅದೇ. ಇಂಜಿನ್ ಬಿಸಿಯಿರುವಾಗ, ಆಕ್ಸಿಲರೇಟರ್ ಪೂರ್ತಿ ತೆರೆದು ಅಳೆಯಿರಿ. ಕೈಪಿಡಿಯ ಅಂಕಿಗಿಂತ ತೀರಾ ಕೆಳಗಿದ್ದರೆ ಪ್ಲಗ್ಗಿನ ತೂತಿಗೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗು, ಏರದಿದ್ದರೆ ವಾಲ್ವ್. ಆ ಎರಡು ಅಂಕಿಗಳನ್ನು ಬರೆದು ಕಳಿಸಿ, ಇಂಜಿನ್ ಬಿಚ್ಚಬೇಕೇ ಬೇಡವೇ ಎಂದು ಆಗ ಹೇಳುತ್ತೇನೆ.